ಮಕ್ಕಳ ಬೊಜ್ಜು ಮತ್ತು ಮನೆಯ ಹೊಣೆ

ಕೆನ್ನೆ ಉಬ್ಬಿದ, ಮೈ ತುಂಬಿಕೊಂಡ ಮಗುವನ್ನು ಕಂಡರೆ ನಮ್ಮ ಹಿರಿಯರಿಗೆ ಸಂತೋಷ. ‘ಮಾಷಾ ಅಲ್ಲಾಹ್, ಮಗು ಚೆನ್ನಾಗಿ ಬೆಳೆದಿದೆ’ ಎಂದು ಹರಸುತ್ತಾರೆ. ಸಪೂರವಾದ ಮಗುವಿನ ತಾಯಿಗೆ ಮಾತ್ರ ‘ಸರಿಯಾಗಿ ಊಟ ಕೊಡುತ್ತಿಲ್ಲವೇ?’ ಎಂಬ ಪ್ರಶ್ನೆ ತಪ್ಪಿದ್ದಲ್ಲ. ಹಸಿವು ಮತ್ತು ಬರಗಾಲವನ್ನು ಕಂಡ ತಲೆಮಾರಿಗೆ ಈ ಭಾವನೆ ಸಹಜವಾಗಿತ್ತು. ಈಗ ಕಾಲ ಬದಲಾಗಿದೆ. ಶಾಲಾ ವಯಸ್ಸಿನ ಮಕ್ಕಳು ಹಾಗೂ ಹದಿಹರೆಯದವರಲ್ಲಿ ಬೊಜ್ಜುಳ್ಳವರ ಪ್ರಮಾಣವು ಜಗತ್ತಿನಲ್ಲಿ ಮೊದಲ ಬಾರಿಗೆ ಕಡಿಮೆ ತೂಕದವರ ಪ್ರಮಾಣವನ್ನು ಮೀರಿದೆ ಎಂದು 2025ರ ಯುನಿಸೆಫ್ ವರದಿ ತಿಳಿಸಿದೆ. ನಮ್ಮ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 5 ವರ್ಷದೊಳಗಿನ ಮಕ್ಕಳಲ್ಲಿ ಅಧಿಕ ತೂಕದವರು 2015-16ರಲ್ಲಿ ಶೇ. 2.1ರಷ್ಟಿದ್ದರು, 2019-21ರಲ್ಲಿ ಅದು ಶೇ. 3.4ಕ್ಕೆ ಏರಿತು. ಅಪೌಷ್ಟಿಕತೆ ಇನ್ನೂ ನೀಗದ ನಾಡಿನಲ್ಲಿ ಅದರ ಬೆನ್ನಿಗೇ ಬೊಜ್ಜೂ ಬೆಳೆಯುತ್ತಿದೆ.

ಮಗುವಿಗೆ ಬೊಜ್ಜು ಬಂದಿದೆಯೇ ಎಂಬುದನ್ನು ಕಣ್ಣಳತೆಯಲ್ಲಿ ತೀರ್ಮಾನಿಸಲಾಗದು. ಕಿಲೋಗ್ರಾಂನಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿ, ಬಂದ ಸಂಖ್ಯೆಯನ್ನು ಮಗುವಿನ ವಯಸ್ಸು ಮತ್ತು ಲಿಂಗಕ್ಕೆ ತಕ್ಕ ಬೆಳವಣಿಗೆಯ ನಕ್ಷೆಯೊಂದಿಗೆ ವೈದ್ಯರು ಹೋಲಿಸಿ ನೋಡುತ್ತಾರೆ. ಮನೆಯವರ ಗಮನಕ್ಕೆ ಬರಬೇಕಾದ ಲಕ್ಷಣಗಳೂ ಇವೆ. ಕತ್ತಿನ ಹಿಂಭಾಗ ಮತ್ತು ಕಂಕುಳಿನಲ್ಲಿ ಚರ್ಮವು ದಪ್ಪಗಾಗಿ ಕಪ್ಪಗಾಗುವುದು ಅವುಗಳಲ್ಲೊಂದು. ಅನೇಕ ತಾಯಂದಿರು ಅದನ್ನು ಕೊಳೆಯೆಂದು ತಿಳಿದು ಉಜ್ಜಿ ಉಜ್ಜಿ ತೊಳೆಯುತ್ತಾರೆ. ಅದು ಬಹಳ ಸಲ ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂಬುದರ, ಮುಂದೆ ಸಕ್ಕರೆ ಕಾಯಿಲೆ ಬರಬಹುದೆಂಬುದರ ಸೂಚನೆ. ಸೋಪಿನಿಂದ ಹೋಗದ ಆ ಕಪ್ಪನ್ನು ವೈದ್ಯರಿಗೆ ತೋರಿಸಬೇಕು. ರಾತ್ರಿ ಜೋರಾಗಿ ಗೊರಕೆ ಹೊಡೆಯುವುದು, ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬಿಡುವುದು ಇವೂ ಕಡೆಗಣಿಸುವ ಸಂಗತಿಗಳಲ್ಲ.

ಇದಕ್ಕೆ ಮಗುವಿನ ಹೊಟ್ಟೆಬಾಕತನವೇ ಕಾರಣವೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಅಂಗಡಿಯಿಂದ ಸಾಮಾನು ತರುವವರು ಯಾರು? ಅಡುಗೆಯನ್ನು ನಿರ್ಧರಿಸುವವರು ಯಾರು? ಅಳುವ ಮಗುವಿನ ಕೈಗೆ ಮೊಬೈಲ್ ಕೊಟ್ಟು ತುತ್ತು ತಿನ್ನಿಸುವವರು ಯಾರು? ವಂಶವಾಹಿಯ ಪಾತ್ರವಿದೆ, ಅಪರೂಪಕ್ಕೆ ಹಾರ್ಮೋನಿನ ತೊಂದರೆಯೂ ಇರುತ್ತದೆ. ಆದರೆ ಹೆಚ್ಚಿನ ಕಡೆ ಮನೆಯ ದಿನಚರಿಯೇ ಮಗುವಿನ ಮೈಯಲ್ಲಿ ಕಾಣಿಸಿಕೊಳ್ಳುತ್ತದೆ.

ಸಕ್ಕರೆಯನ್ನೇ ನೋಡಿ. ಹೊರಗಿನಿಂದ ಬೆರೆಸಿದ ಸಕ್ಕರೆಯು ದಿನದ ಶಕ್ತಿಯ ಶೇ. 10ನ್ನು ಮೀರಬಾರದು, ಶೇ. 5ಕ್ಕಿಂತ ಕಡಿಮೆಯಿದ್ದರೆ ಇನ್ನೂ ಒಳಿತು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 1600 ಕ್ಯಾಲೊರಿ ತಿನ್ನುವ ಮಗುವಿಗೆ ಇದು ಕ್ರಮವಾಗಿ 40 ಗ್ರಾಂ ಮತ್ತು 20 ಗ್ರಾಂ. 250 ಮಿಲಿಲೀಟರಿನ ಒಂದು ಕೋಲಾ ಬಾಟಲಿಯಲ್ಲೇ ಸುಮಾರು 25 ಗ್ರಾಂ ಸಕ್ಕರೆಯಿರುತ್ತದೆ. ಕುಡಿದ ಸಕ್ಕರೆಯು ಅಗಿದು ತಿಂದ ಆಹಾರದಂತೆ ಹೊಟ್ಟೆ ತುಂಬಿಸುವುದೂ ಇಲ್ಲ. ರಮಝಾನಿನ ಇಫ್ತಾರ್‌ನಲ್ಲಿ ಕರಿದ ಸಮೋಸ, ಬಣ್ಣದ ಶರಬತ್ತು, ಆಮೇಲೆ ಬಿರಿಯಾನಿ ಸಾಲಾಗಿ ಬಂದರೆ ಹಗಲಿನ ಸಂಯಮಕ್ಕೆ ರಾತ್ರಿಯಲ್ಲಿ ಏನು ಉಳಿಯಿತು? ಹೊಟ್ಟೆಯ ಒಂದು ಪಾಲು ಆಹಾರಕ್ಕೆ, ಒಂದು ಪಾಲು ನೀರಿಗೆ, ಒಂದು ಪಾಲು ಉಸಿರಿಗೆ ಎಂಬ ಪ್ರವಾದಿ(ಸ)ರ ಬೋಧನೆಯನ್ನು ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಅದು ನಮ್ಮ ಊಟದ ಸುಪ್ರಾದಲ್ಲಿಯೂ ಕಾಣಬೇಡವೇ?

ಎರಡನೆಯದು ಆಟ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂಥ ಚಟುವಟಿಕೆ ಬೇಕು. ನಮ್ಮ ಮಕ್ಕಳಿಗೆ ಬೆಳಗ್ಗೆ ಮದ್ರಸ, ಬಳಿಕ ಶಾಲೆ, ಸಂಜೆ ಟ್ಯೂಷನ್, ರಾತ್ರಿ ಹೋಂವರ್ಕ್. ಆ 60 ನಿಮಿಷ ಎಲ್ಲಿದೆ? ಹೆಣ್ಣುಮಕ್ಕಳ ಸ್ಥಿತಿ ಇನ್ನೂ ಕಷ್ಟ. ಹತ್ತು ವರ್ಷ ತುಂಬುತ್ತಲೇ ‘ಇನ್ನು ಓಡಾಟ ಸಾಕು’ ಎನ್ನುತ್ತೇವೆ. ಪ್ರವಾದಿ(ಸ)ರು ಪತ್ನಿ ಆಯಿಶಾ(ರ)ರೊಂದಿಗೆ ಓಟದ ಪಂದ್ಯ ನಡೆಸಿದ್ದನ್ನು ಹದೀಸ್ ಗ್ರಂಥಗಳು ದಾಖಲಿಸಿವೆ. ಮರ್ಯಾದೆಗೆ ಕುಂದಿಲ್ಲದಂತೆ ಆಡಲು ಮನೆಯ ತಾರಸಿ, ಮದ್ರಸದ ಅಂಗಳ, ಮುಂಜಾನೆಯ ನಡಿಗೆಯ ದಾರಿ ಇವೆ. ಜಮಾಅತ್‌ಗಳು ಮನಸ್ಸು ಮಾಡಿದರೆ ವಾರದಲ್ಲಿ ಎರಡು ಸಂಜೆ ಆ ಅಂಗಳವನ್ನು ಹೆಣ್ಣುಮಕ್ಕಳ ಆಟಕ್ಕೆಂದೇ ಮೀಸಲಿಡಬಹುದು. ಇದನ್ನು ದಯೆಯೆಂದು ಭಾವಿಸಬೇಕಿಲ್ಲ; ಇದು ಅವರ ಹಕ್ಕು.

ಮೂರನೆಯದು ನಿದ್ದೆ. 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆಗಳ ನಿದ್ದೆ ಬೇಕು. ನಿದ್ದೆಗೆಟ್ಟ ದೇಹವು ಹೆಚ್ಚು ಹಸಿಯುತ್ತದೆ, ಸಿಹಿಯನ್ನೂ ಎಣ್ಣೆಯ ತಿಂಡಿಯನ್ನೂ ಬಯಸುತ್ತದೆ. ಇಶಾದ ನಂತರ ಮನೆಯವರೆಲ್ಲರ ಮೊಬೈಲುಗಳು ಒಂದು ಮೂಲೆ ಸೇರಿದರೆ ಫಜ್ರ್‌ಗೆ ಏಳುವುದೂ ಸುಲಭವಾದೀತು.

ತಡೆಯುವ ಕೆಲಸ ತೊಟ್ಟಿಲಿನಿಂದಲೇ ಆರಂಭವಾಗಬೇಕು. ಮೊದಲ 6 ತಿಂಗಳು ಎದೆಹಾಲು ಮಾತ್ರ ಸಾಕು. ಅನಂತರ ಪೂರಕ ಆಹಾರದೊಂದಿಗೆ 2 ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಹಾಲೂಡಿಸುವುದನ್ನು ವೈದ್ಯವಿಜ್ಞಾನ ಶಿಫಾರಸು ಮಾಡುತ್ತದೆ. ಪವಿತ್ರ ಕುರ್‌ಆನ್ ಸಹ ಎರಡು ಪೂರ್ಣ ವರ್ಷಗಳ ಹಾಲೂಡಿಕೆಯನ್ನು ಪ್ರಸ್ತಾಪಿಸಿದೆ. ಬೆಳೆದ ಮಗುವಿನ ತಟ್ಟೆಯಲ್ಲಿ ಅರ್ಧದಷ್ಟು ತರಕಾರಿ, ಸೊಪ್ಪು, ಹಣ್ಣು ಇರಲಿ; ಉಳಿದರ್ಧದಲ್ಲಿ ಅನ್ನ ಅಥವಾ ರೊಟ್ಟಿಯೊಂದಿಗೆ ಮೀನು, ಮೊಟ್ಟೆ ಅಥವಾ ಕಾಳು ಇರಲಿ. ಮದ್ರಸದ ಬಹುಮಾನ ಚಾಕೊಲೇಟಿನ ಬದಲು ಪೆನ್ನೋ ಸ್ಕಿಪ್ಪಿಂಗ್ ಹಗ್ಗವೋ ಆಗಲಿ. ಮಗುವನ್ನು ಉಪವಾಸ ಕೆಡವಿ ತೂಕ ಇಳಿಸುವ ಸಾಹಸ ಮಾತ್ರ ಬೇಡ. ಬೆಳೆಯುವ ಮಗುವಿನ ತೂಕ ಇದ್ದಲ್ಲಿಯೇ ನಿಂತು ಎತ್ತರ ಹೆಚ್ಚಿದರೂ ಅನೇಕ ಸಲ ಸಾಕಾಗುತ್ತದೆ.

ಎಲ್ಲಕ್ಕಿಂತ ಮಿಗಿಲಾಗಿ, ನಾಲಿಗೆಯನ್ನು ಹಿಡಿತದಲ್ಲಿಡೋಣ. ‘ಡುಮ್ಮ’, ‘ಡುಮ್ಮಿ’ ಎಂದು ನೆಂಟರ ಮುಂದೆ ಕರೆಯುವುದು ನಮಗೆ ತಮಾಷೆ, ಮಗುವಿಗೆ ಗಾಯ. ಅವಮಾನಗೊಂಡ ಮಗು ಆಟದ ಬಯಲಿನಿಂದ ಹಿಂದೆ ಸರಿದು, ಮರೆಯಲ್ಲಿ ಮತ್ತಷ್ಟು ತಿನ್ನುತ್ತದೆ. ಹೀನ ಅಡ್ಡಹೆಸರುಗಳಿಂದ ಪರಸ್ಪರರನ್ನು ಕರೆಯುವುದನ್ನು ಸೂರಃ ಅಲ್ ಹುಜುರಾತ್ ನಿಷೇಧಿಸಿದೆ. ಆ ನಿಷೇಧ ದೊಡ್ಡವರಿಗೆ ಮಾತ್ರ ಅನ್ವಯಿಸುವುದೆಂದು ಯಾರೂ ಹೇಳಲಾರರು.

ಮಗು ಅಲ್ಲಾಹನು ನಮ್ಮ ಕೈಯಲ್ಲಿಟ್ಟ ಅಮಾನತ್ತು. ಅದರ ದೇಹವೂ ಹಾಗೆಯೇ. ಅದನ್ನು ಕಾಯುವ ಕೆಲಸಕ್ಕೆ ದುಬಾರಿ ಔಷಧಿಯಾಗಲಿ ದೊಡ್ಡ ಸಂಪತ್ತಾಗಲಿ ಬೇಕಿಲ್ಲ. ತಂದೆ ತನ್ನ ಬಾಟಲಿಯನ್ನು ಬದಿಗಿಟ್ಟು ನೀರು ಕುಡಿಯಲಿ, ತಾಯಿ ಮಗಳೊಂದಿಗೆ ನಡೆಯಲು ಹೊರಡಲಿ. ಮಕ್ಕಳು ನಮ್ಮ ಉಪದೇಶವನ್ನು ಮರೆತಾರು, ನಮ್ಮ ನಡೆಯನ್ನು ಮರೆಯಲಾರರು.