ಎದುರಾಳಿಯ ಸರಕನ್ನು ಹಳಿದರೆ ರುಜುವಾತು ಯಾರ ಹೊಣೆ?

ಹೊನ್ನಾವರದಿಂದ ಕುಮಟಾ ಕಡೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೊರಟರೆ ಸ್ವಲ್ಪ ಹೊತ್ತಿಗೇ ಕರ್ಕಿ ಸಿಗುತ್ತದೆ. ಯಕ್ಷಗಾನ ಬಲ್ಲವರಿಗೆ ಅದು ಹಾಸ್ಯಗಾರ ಮನೆತನದ ಊರು, ದೈವಜ್ಞ ಸಮಾಜಕ್ಕೆ ಮಠದ ಊರು. ಭಟ್ಕಳದಿಂದ ಕುಮಟಾವರೆಗಿನ ಈ ಕರಾವಳಿಯಲ್ಲಿ ದೊಡ್ಡ ಕಾರ್ಖಾನೆಗಳು ಕಡಿಮೆ. ಇರುವವರು ಕೊಬ್ಬರಿ ಎಣ್ಣೆ ತೆಗೆಯುವವರು, ಹಲಸಿನ ಹಪ್ಪಳ ಒಣಗಿಸುವವರು, ಅಪ್ಪೆಮಿಡಿ ಉಪ್ಪಿನಕಾಯಿ ಹಾಕುವವರು, ಜೋನಿಬೆಲ್ಲ ಕಾಯಿಸುವವರು, ಬಂಗಾರದ ಕೆಲಸದವರು. ಇವರಲ್ಲಿ ಹೆಚ್ಚಿನವರಿಗೆ ಜಾಹೀರಾತಿಗೆ ಸುರಿಯಲು ದುಡ್ಡಿಲ್ಲ. ಒಬ್ಬ ಗಿರಾಕಿ ಹೇಳಿದ್ದನ್ನು ಕೇಳಿ ಇನ್ನೊಬ್ಬ ಗಿರಾಕಿ ಬರುತ್ತಾನೆ. "ಅವನ ಎಣ್ಣೆಗೆ ಪಾಮೋಲಿನ್ ಬೆರಸ್ತಾನಂತೆ", "ಆ ಬೆಲ್ಲದಲ್ಲಿ ಅರ್ಧ ಸಕ್ಕರೆಯಂತೆ", "ಅಲ್ಲಿ ಮಾಡಿಸಿದ ಸರ ಕರಗಿಸಿದ್ರೆ ಬಂಗಾರ ಕಡಿಮೆ ಬರ್ತದಂತೆ" ಎಂಬ ಮಾತು ಒಮ್ಮೆ ಪೇಟೆಗೆ ಬಿದ್ದರೆ ಆ ಹಂಗಾಮಿನ ವ್ಯಾಪಾರ ಹೋದಂತೆಯೇ. ಮಾತು ಹುಟ್ಟಿಸಿದವನು ಎದುರಾಳಿಯೇ ಎಂಬ ಅನುಮಾನ ಎಲ್ಲರಿಗೂ ಇರುತ್ತದೆ, ಸಾಕ್ಷಿ ಮಾತ್ರ ಯಾರ ಬಳಿಯೂ ಇರುವುದಿಲ್ಲ.

ಇದೇ ಜಗಳ ಕೋಟಿಗಟ್ಟಲೆ ವಹಿವಾಟಿನ ಕಂಪನಿಗಳ ನಡುವೆ ನಡೆದಾಗ ಕಾನೂನು ಚುರುಕಾಗಿಯೇ ಓಡಾಡುತ್ತದೆ.

ಬಿಳಿ ಬಟ್ಟೆ ಒಗೆಯುವ ಮನೆಗಳಿಗೆಲ್ಲ ಗೊತ್ತಿರುವ ಉಜಾಲಾದ ಕಥೆಯನ್ನೇ ನೋಡಬಹುದು. ಕೇರಳದ ಎಂ.ಪಿ. ರಾಮಚಂದ್ರನ್ 1983ರಲ್ಲಿ ಸಣ್ಣ ಬಂಡವಾಳದಿಂದ ಶುರು ಮಾಡಿದ ದ್ರವರೂಪದ ನೀಲಿ ಅದು. ಅದರ ಒಂದು ಜಾಹೀರಾತು ಯಾರ ಹೆಸರನ್ನೂ ಎತ್ತದೆ, ರೆಕಿಟ್ ಅಂಡ್ ಕೋಲ್ಮನ್ ಕಂಪನಿಯ ರಾಬಿನ್ ಬ್ಲೂ ಬಾಟಲಿಯನ್ನೇ ಹೋಲುವ ಬಾಟಲಿ ತೋರಿಸಿ, ಅದು ದುಬಾರಿ, ದಂಡ ಎಂಬಂತೆ ಚಿತ್ರಿಸಿತು. 1999ರಲ್ಲಿ ಕಲ್ಕತ್ತಾ ಹೈಕೋರ್ಟ್ ಆ ಜಾಹೀರಾತನ್ನು ತಡೆಯಿತು. ಆಗ ಅದು ಹೇಳಿದ ಸೂತ್ರವನ್ನೇ ಇಂದಿಗೂ ವಕೀಲರು ಉದ್ಧರಿಸುತ್ತಾರೆ. ತಯಾರಕ ತನ್ನ ಸರಕು ಲೋಕಕ್ಕೇ ಶ್ರೇಷ್ಠ ಎನ್ನಬಹುದು, ಅದು ಸುಳ್ಳಾದರೂ ಸರಿ. ಎದುರಾಳಿಯದಕ್ಕಿಂತ ತನ್ನದು ಮೇಲು ಎನ್ನಬಹುದು, ಹೋಲಿಸಿ ತೋರಿಸಲೂಬಹುದು. ಎದುರಾಳಿಯ ಸರಕು ಕೆಟ್ಟದ್ದು ಎಂದು ಮಾತ್ರ ಹೇಳುವಂತಿಲ್ಲ. ಹೇಳಿದರೆ ಅದು ಮಾನಹಾನಿ. ಪರಿಹಾರವನ್ನೂ ಕೇಳಬಹುದು, ತಡೆಯಾಜ್ಞೆಯನ್ನೂ ಪಡೆಯಬಹುದು.

ಬೆಂಗಳೂರಿಗೂ ಇಂಥ ಜಗಳ ಹೊಸದಲ್ಲ. ಬ್ರಿಟಾನಿಯಾದ ಗುಡ್ ಡೇ ಬಿಸ್ಕತ್ತಿಗೆ ಎದುರಾಗಿ ಯೂನಿಬಿಕ್ ಕಂಪನಿ ಗ್ರೇಟ್ ಡೇ ಎಂಬ ಬಿಸ್ಕತ್ತು ತಂದಿತು. ಗ್ರೇಟ್ ಡೇ ಸಿಗುವಾಗ ಗುಡ್ ಡೇ ಯಾಕೆ ಎಂಬ ಅರ್ಥದ ಘೋಷವಾಕ್ಯವನ್ನೂ ಹಾಕಿತು. ಓದಿದವರು ನಕ್ಕಿರಬಹುದು, ಬ್ರಿಟಾನಿಯಾ ನಗಲಿಲ್ಲ. 2008ರಲ್ಲಿ ಬೆಂಗಳೂರಿನ ನ್ಯಾಯಾಲಯ ಆ ಜಾಹೀರಾತಿಗೆ ತಡೆ ಕೊಟ್ಟಿತು. 2017ರ ಮಾರ್ಚ್‌ನಲ್ಲಿ ಅಮುಲ್ ತನ್ನ ಐಸ್‌ಕ್ರೀಮ್ ಹಾಲಿನದು, ಫ್ರೋಜನ್ ಡೆಸರ್ಟ್ ವನಸ್ಪತಿಯದು ಎಂದು ಟಿವಿಯಲ್ಲಿ ಸಾರಿದಾಗ ಕ್ವಾಲಿಟಿ ವಾಲ್ಸ್ ತಯಾರಿಸುವ ಹಿಂದುಸ್ತಾನ್ ಯೂನಿಲಿವರ್ ಬಾಂಬೆ ಹೈಕೋರ್ಟಿಗೆ ಹೋಯಿತು. ಫ್ರೋಜನ್ ಡೆಸರ್ಟಿನಲ್ಲಿ ಸಸ್ಯಜನ್ಯ ಕೊಬ್ಬು ಇರುತ್ತದೆ ಎಂಬುದು ನಿಜ. ತಾನು ಬಳಸುವುದು ವನಸ್ಪತಿಯಲ್ಲ ಎಂಬುದು ಯೂನಿಲಿವರ್ ವಾದ. ಜೂನ್‌ನಲ್ಲಿ ಜಾಹೀರಾತಿಗೆ ತಡೆ ಬಿತ್ತು, 2018ರ ಡಿಸೆಂಬರ್‌ನಲ್ಲಿ ವಿಭಾಗೀಯ ಪೀಠವೂ ಅದನ್ನು ಎತ್ತಿಹಿಡಿಯಿತು. ಮೂರು ತಿಂಗಳಲ್ಲಿ ತಡೆಯಾಜ್ಞೆ! ಹಳ್ಳಿಯ ಗಡಿ ತಕರಾರು ಹಿಡಿದು ವರ್ಷಗಟ್ಟಲೆ ಕೋರ್ಟಿಗೆ ಅಲೆದವರಿಗೆ ಈ ವೇಗ ನಂಬುವುದೂ ಕಷ್ಟ.

ಗೆರೆ ಎಷ್ಟು ತೆಳುವಾಗಿ ಎಳೆಯುತ್ತಾರೆ ಎಂಬುದಕ್ಕೆ 2025ರ ಚ್ಯವನಪ್ರಾಶ ಪ್ರಕರಣ ಸಾಕು. ನಲವತ್ತು ಗಿಡಮೂಲಿಕೆಗಳ ಸಾಧಾರಣ ಚ್ಯವನಪ್ರಾಶಕ್ಕೆ ಯಾಕೆ ತೃಪ್ತಿಪಡಬೇಕು ಎಂದು ಪತಂಜಲಿ ಕೇಳಿತು. ನಲವತ್ತರ ಲೆಕ್ಕ ತನ್ನ ಡಬ್ಬಿಯದೇ ಎಂದು ಡಾಬರ್ ದಾವೆ ಹೂಡಿತು. ಜುಲೈನಲ್ಲಿ ದೆಹಲಿ ಹೈಕೋರ್ಟ್ ಜಾಹೀರಾತನ್ನು ತಡೆಯಿತು. ಸೆಪ್ಟೆಂಬರ್‌ನಲ್ಲಿ ವಿಭಾಗೀಯ ಪೀಠದ ಮುಂದೆ ಅದು ಸಡಿಲವಾಯಿತು. 'ಸಾಧಾರಣ' ಎಂಬ ಮಾತು ಇರಬಹುದು, 'ನಲವತ್ತು' ಹೋಗಬೇಕು. ನವೆಂಬರ್‌ನಲ್ಲಿ ಉಳಿದೆಲ್ಲ ಚ್ಯವನಪ್ರಾಶವೂ ಮೋಸ ಎಂಬರ್ಥದ ಇನ್ನೊಂದು ಜಾಹೀರಾತು ಬಂದಾಗ ಮತ್ತೆ ತಡೆ. ಇಡೀ ಗುಂಪಿಗೆ ಮಸಿ ಬಳಿದರೂ ಅದರಲ್ಲಿರುವ ಒಬ್ಬ ತಯಾರಕ ಕೋರ್ಟಿಗೆ ಬರಬಹುದು ಎಂಬುದು ಇದರಿಂದ ಮತ್ತೊಮ್ಮೆ ಖಚಿತವಾಯಿತು.

ಎಲ್ಲ ಹೋಲಿಕೆಯನ್ನೂ ಕೋರ್ಟು ತೂಗುತ್ತ ಕೂರಬೇಕೇ ಎಂಬ ಪ್ರಶ್ನೆಯೂ ಹಳೆಯದೇ. ಇಂಗ್ಲೆಂಡಿನಲ್ಲಿ ಮೆಲ್ಲಿನ್ ಎಂಬಾತನ ಶಿಶು ಆಹಾರದ ಬಾಟಲಿಗಳ ಮೇಲೆಯೇ ಅಂಗಡಿಯವನೊಬ್ಬ ತಾನು ಮಾರುವ ಇನ್ನೊಂದು ಆಹಾರ ಹೆಚ್ಚು ಪೌಷ್ಟಿಕ ಎಂಬ ಚೀಟಿ ಅಂಟಿಸಿ ಮಾರಿದ. 1895ರಲ್ಲಿ ಹೌಸ್ ಆಫ್ ಲಾರ್ಡ್ಸ್ ಮೆಲ್ಲಿನ್ ಪರ ನಿಲ್ಲಲಿಲ್ಲ. ಯಾರ ಸರಕು ಮೇಲು ಎಂದು ತೀರ್ಪು ಕೊಡುತ್ತ ಹೋದರೆ ನ್ಯಾಯಾಲಯವೇ ವ್ಯಾಪಾರಿಗಳ ಜಾಹೀರಾತು ಯಂತ್ರವಾದೀತು ಎಂಬುದು ಅಲ್ಲಿನ ಆತಂಕವಾಗಿತ್ತು. ಆ ಆತಂಕದಲ್ಲಿ ಅರ್ಥವಿದೆ. ಹೋಲಿಕೆಯಿಂದ ಗಿರಾಕಿಗೆ ತಿಳಿವಳಿಕೆ ಹೆಚ್ಚುತ್ತದೆ, ಅದು ಉಳಿಯಲೇಬೇಕು.

ಆದರೆ ಈ ಪ್ರಕರಣಗಳಲ್ಲೆಲ್ಲ ಒಂದು ಅನುಕೂಲವಿತ್ತು. ಹಳಿದವರು ಹೆಸರು ಮುಚ್ಚಿಡದೆ, ಎಲ್ಲರ ಕಣ್ಣೆದುರೇ ಹಳಿದಿದ್ದರು. ಕರ್ಕಿಯಂಥ ಊರಿನ ಎಣ್ಣೆಯವನನ್ನು ಹಳಿಯುವವನು ಹಾಗೆ ಸಿಕ್ಕಿಬೀಳುವುದಿಲ್ಲ. ಸಿಕ್ಕಿದರೂ ದಾರಿ ಸಲೀಸಲ್ಲ. ಸರಕಿನ ಮೇಲಿನ ಅಪವಾದಕ್ಕೆ ಪರಿಹಾರ ಬೇಕೆಂದರೆ ಮಾತು ಸುಳ್ಳು, ಹೇಳಿದ್ದು ಕೆಟ್ಟ ಉದ್ದೇಶದಿಂದ, ಅದರಿಂದಲೇ ಇಂತಿಷ್ಟು ನಷ್ಟವಾಯಿತು ಎಂಬ ಮೂರನ್ನೂ ತೋರಿಸಬೇಕು. ಕೈಬರಹದ ಲೆಕ್ಕದ ಪುಸ್ತಕ ಇಟ್ಟವನು ಮೂರನೆಯದನ್ನು ಹೇಗೆ ತೋರಿಸಿಯಾನು? ನೋಂದಾಯಿತ ಬ್ರಾಂಡ್ ಇದ್ದರೆ 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 29(8)ನೇ ಕಲಂ ನೆರವಿಗೆ ಬರುತ್ತದೆ. ಆದರೆ ಆ ದಾವೆಯನ್ನು ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗೆ ಹೂಡುವಂತಿಲ್ಲ. ಮಾನಹಾನಿಯ ಸಿವಿಲ್ ದಾವೆಗೆ ಒಂದೇ ವರ್ಷದ ಕಾಲಮಿತಿ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂನಡಿ ಎರಡು ವರ್ಷದವರೆಗೆ ಸಜೆ ಇದೆ, ಅದಕ್ಕೂ ಹೇಳಿದವನು ಯಾರೆಂದು ಗೊತ್ತಿರಬೇಕು.

ಮೊದಲು ಇನ್ನೊಂದು ಬಾಗಿಲಿತ್ತು. ಎದುರಾಳಿಯ ಸರಕನ್ನು ಸುಳ್ಳು ಹೇಳಿ ಹೀಗಳೆಯುವುದು ಏಕಸ್ವಾಮ್ಯ ಮತ್ತು ನಿರ್ಬಂಧಕ ವ್ಯಾಪಾರ ಪದ್ಧತಿಗಳ (ಎಂಆರ್‌ಟಿಪಿ) ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿಯಾಗಿತ್ತು, ಅದರ ಆಯೋಗಕ್ಕೆ ದೂರು ಕೊಡಬಹುದಿತ್ತು. 2009ರ ಸೆಪ್ಟೆಂಬರ್‌ನಲ್ಲಿ ಆ ಕಾಯ್ದೆ ರದ್ದಾಯಿತು. ಅದರ ಜಾಗಕ್ಕೆ ಬಂದ ಸ್ಪರ್ಧಾ ಕಾಯ್ದೆಯಲ್ಲಿ ಆ ಅಧ್ಯಾಯವೇ ಇಲ್ಲ. ಗ್ರಾಹಕ ರಕ್ಷಣಾ ಕಾಯ್ದೆಯ ವ್ಯಾಖ್ಯೆಯಲ್ಲಿ ಆ ಮಾತು ಉಳಿದಿದೆ, ಆದರೆ ಗ್ರಾಹಕ ಆಯೋಗದ ಬಾಗಿಲು ಗ್ರಾಹಕನಿಗಾಗಿ, ನೊಂದ ತಯಾರಕನಿಗಾಗಿ ಅಲ್ಲ. ಹೀಗೆ ದೊಡ್ಡವರಿಗೆ ಹೈಕೋರ್ಟು ಉಳಿಯಿತು. ಚಿಕ್ಕವರಿಗಿದ್ದ ಕಡಿಮೆ ಖರ್ಚಿನ ದಾರಿ ಮುಚ್ಚಿತು.

ವಾಟ್ಸ್‌ಆ್ಯಪ್ ಬಂದ ಮೇಲೆ ದೊಡ್ಡವರಿಗೂ ಈ ಪಾಡು ತಪ್ಪಿಲ್ಲ. 2005ರಲ್ಲಿ ಬೆಂಗಳೂರಿನ ತಿಪ್ಪಸಂದ್ರದ ಸಣ್ಣ ಜಾಗದಲ್ಲಿ ಪಿ.ಸಿ. ಮುಸ್ತಫಾ ಮತ್ತು ಸೋದರ ಸಂಬಂಧಿಗಳು ಶುರು ಮಾಡಿದ ಐಡಿ ಫ್ರೆಶ್ ಕಂಪನಿಯ ದೋಸೆ ಹಿಟ್ಟಿನಲ್ಲಿ ದನದ ಮೂಳೆ ಇದೆ ಎಂಬ ಸಂದೇಶ 2021ರ ಸೆಪ್ಟೆಂಬರ್‌ನಲ್ಲಿ ಮೊಬೈಲಿನಿಂದ ಮೊಬೈಲಿಗೆ ಹಾರಿತು. ಮಾಲೀಕರ ಧರ್ಮವನ್ನೂ ಅದಕ್ಕೆ ಜೋಡಿಸಿದ್ದರು. ತನ್ನ ಹಿಟ್ಟಿನಲ್ಲಿರುವುದೆಲ್ಲ ಸಸ್ಯಾಹಾರದ ಪದಾರ್ಥ ಎಂದು ಕಂಪನಿ ಸ್ಪಷ್ಟನೆ ಕೊಟ್ಟು ಸೈಬರ್ ಪೊಲೀಸರಿಗೆ ದೂರು ನೀಡಿತು. ಹೆಸರು ಗಳಿಸಿದ ಕಂಪನಿಯಾದ್ದರಿಂದ ಪತ್ರಿಕೆಗಳು ಅದರ ಮಾತನ್ನೂ ಪ್ರಕಟಿಸಿದವು. ಭಟ್ಕಳದ ಬೇಕರಿಗೋ ಹೊನ್ನಾವರದ ಹಿಟ್ಟಿನ ಗಿರಣಿಗೋ ಇಂಥ ಸಂದೇಶ ಅಂಟಿಕೊಂಡರೆ ಸ್ಪಷ್ಟನೆ ಯಾರು ಪ್ರಕಟಿಸುತ್ತಾರೆ?

ಇದನ್ನು ಹೇಳುವಾಗ ಎದುರಿನ ಅಪಾಯವನ್ನೂ ನೋಡಬೇಕು. ಮಾನಹಾನಿಯ ಕಾನೂನಿನಿಂದ ನಿಜ ಹೇಳುವವರ ಬಾಯನ್ನೂ ಕಟ್ಟಬಹುದು. 2023ರ ಸೆಪ್ಟೆಂಬರ್‌ನಲ್ಲಿ ಹಿಮಾಲಯ ಕಂಪನಿ, ತನ್ನ ಔಷಧಗಳನ್ನು ಟೀಕಿಸುತ್ತಿದ್ದ ಕೇರಳದ ಯಕೃತ್ ತಜ್ಞ ಡಾ. ಸಿರಿಯಕ್ ಅಬಿ ಫಿಲಿಪ್ಸ್ ಮೇಲೆ ಬೆಂಗಳೂರಿನ ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಿತು. ಪ್ರತಿಸ್ಪರ್ಧಿಗಳ ಔಷಧಕ್ಕೆ ಲಾಭ ಮಾಡಿಕೊಡಲು ಅವರು ಹೀಗೆ ಬರೆಯುತ್ತಾರೆ ಎಂಬುದೂ ಆರೋಪಗಳಲ್ಲೊಂದು. ವೈದ್ಯರ ಮಾತು ಕೇಳುವ ಮೊದಲೇ ಬಂದ ಆದೇಶದಿಂದ ಎಕ್ಸ್ ತಾಣದಲ್ಲಿ ಅವರ ಇಡೀ ಖಾತೆ ಭಾರತದಲ್ಲಿ ಕಾಣದಾಯಿತು. ಅಕ್ಟೋಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಮಧ್ಯಪ್ರವೇಶಿಸಿದ ಮೇಲೆ ಖಾತೆ ಮರಳಿತು. ಕಲಬೆರಕೆಯ ಮಾತು ಯಾವಾಗಲೂ ಚಾಡಿಯೇ ಆಗಿರಬೇಕಿಲ್ಲ. 2018ರ ಡಿಸೆಂಬರ್‌ನಲ್ಲಿ ಕೇರಳದ ಆಹಾರ ಸುರಕ್ಷತಾ ಇಲಾಖೆ 74 ಬ್ರಾಂಡಿನ ಕೊಬ್ಬರಿ ಎಣ್ಣೆಯನ್ನು ನಿಷೇಧಿಸಿದಾಗ ಅನೇಕರ ಅನುಮಾನಕ್ಕೆ ಸರ್ಕಾರಿ ಮುದ್ರೆಯೇ ಬಿತ್ತು.

ಚಾಡಿಯನ್ನು ಬೇರೆ, ಎಚ್ಚರಿಕೆಯನ್ನು ಬೇರೆ ಮಾಡುವುದು ಪರೀಕ್ಷೆಯ ವರದಿ. ಅದಕ್ಕೆ ಕಾನೂನು ಆಗಲೇ ಅವಕಾಶ ಕೊಟ್ಟಿದೆ. 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಕಲಂನಡಿ ಯಾವ ಗ್ರಾಹಕನೂ ಮಾರಿದವನಿಗೆ ತಿಳಿಸಿ, ಶುಲ್ಕ ಕಟ್ಟಿ, ಕೊಂಡ ಪದಾರ್ಥವನ್ನು ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಬಂಗಾರದಲ್ಲಿ ಈ ಕೆಲಸ ಇನ್ನೂ ಸುಲಭವಾಗಿದೆ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಯ ಮೇಲೆ ಆರು ಅಕ್ಷರಾಂಕಗಳ ಎಚ್‌ಯುಐಡಿ ಇರಲೇಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹೊಡೆದರೆ ಶುದ್ಧತೆ ತೆರೆಯ ಮೇಲೆ ಬರುತ್ತದೆ. ವರ್ಷಕ್ಕೆ 40 ಲಕ್ಷ ರೂಪಾಯಿಗಿಂತ ಕಡಿಮೆ ವಹಿವಾಟಿನ ಅಕ್ಕಸಾಲಿಗರಿಗೆ ಕಡ್ಡಾಯ ಹಾಲ್‌ಮಾರ್ಕ್‌ನಿಂದ ವಿನಾಯಿತಿ ಇದೆ. ಆದರೆ ಪಿಸುಮಾತಿಗೆ ಸುಲಭವಾಗಿ ಸಿಕ್ಕಿಬೀಳುವವರೂ ಅವರೇ. ವಿನಾಯಿತಿ ಬಿಟ್ಟು ತಾವಾಗಿಯೇ ಮುದ್ರೆ ಹಾಕಿಸಿಕೊಳ್ಳುವುದು ಅವರಿಗೇ ಒಳ್ಳೆಯದು.

ಬೇಕಾಗಿರುವುದು ಎರಡು ತಿದ್ದುಪಡಿ. ಎದುರಾಳಿಯ ಸರಕಿನ ಮೇಲೆ ಅಪವಾದ ಹೊರಿಸುವ ತಯಾರಕನೇ ಅದನ್ನು ರುಜುವಾತು ಮಾಡಬೇಕು. ಕಲಬೆರಕೆ ಇಲ್ಲ ಎಂದು ಸಾಬೀತುಪಡಿಸುವ ಭಾರ ಹಳಿಸಿಕೊಂಡವನ ತಲೆಗೆ ಬರಬಾರದು. ಜೊತೆಗೆ, ಎಂಆರ್‌ಟಿಪಿ ರದ್ದಾದಾಗ ಮುಚ್ಚಿದ ಬಾಗಿಲನ್ನು ಜಿಲ್ಲಾ ಗ್ರಾಹಕ ಆಯೋಗದಲ್ಲಾದರೂ ಸಣ್ಣ ತಯಾರಕರಿಗೆ ತೆರೆಯಬೇಕು. ಗ್ರಾಹಕರು ಮತ್ತು ವೈದ್ಯರ ಟೀಕೆ ಈ ಎರಡರಿಂದಲೂ ಹೊರಗಿರಲಿ. ಸಂಸತ್ತಿನಲ್ಲಿ ಉತ್ತರ ಕನ್ನಡವನ್ನು ಪ್ರತಿನಿಧಿಸುವವರು ಈ ಬೇಡಿಕೆಯನ್ನು ಎತ್ತಲಿ. ಅಲ್ಲಿಯವರೆಗೆ, ಇಂಥ ಸಂದೇಶ ಮೊಬೈಲಿಗೆ ಬಂದಾಗ ಮುಂದಕ್ಕೆ ಕಳಿಸುವ ಮೊದಲು ಓದುಗರು ಪರೀಕ್ಷಾ ವರದಿ ಎಲ್ಲಿದೆ ಎಂದು ಕೇಳಲಿ.