ತೆರೆಯ ನೀಲಿ, ಮಸಿಯ ನೀಲಿ

ಕಳೆದ ಜ್ಯೇಷ್ಠದ ಕೊನೆಯಲ್ಲಿ, ಮಳೆ ಹಿಡಿದು ನಾಲ್ಕು ದಿನಗಳಾಗಿದ್ದ ಒಂದು ಸಂಜೆ, ತರುಣಿಯೊಬ್ಬಳು ಎರಡು ಹಾಳೆಗಳನ್ನು ಸುರುಳಿ ಸುತ್ತಿಕೊಂಡು ನಮ್ಮ ಮನೆಗೆ ಬಂದಳು. ಹಿಂದೆ ನಮ್ಮ ತರಗತಿಯಲ್ಲಿ ಭೌತಶಾಸ್ತ್ರವನ್ನು ಓದಿದ್ದವಳು. ಈಗ ಗ್ರಾಫಿಕ್ ಡಿಸೈನ್ ಎಂದು ಹೆಸರಾಗಿರುವ ವಿನ್ಯಾಸಕಲೆಯನ್ನು ಕಲಿಯುತ್ತಿರುವಳು. ಪ್ರಾಥಮಿಕ ಶಾಲೆಯ ಮಕ್ಕಳಿಗಾಗಿ ಒತ್ತಕ್ಷರಗಳ ಗೋಡೆಪಟವೊಂದನ್ನು ಅಚ್ಚು ಮಾಡುವುದು ಆಕೆಯ ವರ್ಷಾಂತ್ಯದ ಕೆಲಸ. ಹಾಳೆಗಳನ್ನು ಬಿಡಿಸಿ ನೆಲದ ಮೇಲೆ ಹರಡಿ, “ಸರ್, ಕಂಪ್ಯೂಟರಿನಲ್ಲಿ ಈ ನೀಲಿ ಎಷ್ಟು ಚೆನ್ನಾಗಿ ಹೊಳೆಯುತ್ತಿತ್ತು! ಅಚ್ಚಾಗಿ ಬಂದರೆ ಮಂಕು ನೇರಳೆ. ತಪ್ಪು ಯಂತ್ರದ್ದೋ, ನನ್ನದೋ?” ಎಂದು ಕೇಳಿದಳು.

ಇಬ್ಬರದೂ ಅಲ್ಲ, ನಮ್ಮದು ಎಂದು ಹೇಳಬೇಕಾಯಿತು. ಬಣ್ಣದ ಪಾಠ ಬಂದಾಗ ನಾವು ಮೇಷ್ಟರುಗಳು ಏನು ಮಾಡುತ್ತೇವೆ? ನ್ಯೂಟನ್ನನ ಚಕ್ರವನ್ನು ತಿರುಗಿಸಿ ತೋರಿಸುತ್ತೇವೆ. ಕೆಂಪು, ಹಸುರು, ನೀಲಿ ಬೆಳಕುಗಳು ಕೂಡಿದರೆ ಬಿಳುಪು ಎಂದು ಹಲಗೆಯ ಮೇಲೆ ಬರೆಯುತ್ತೇವೆ. ಪರೀಕ್ಷೆಗೆ ಅಷ್ಟು ಸಾಕು. ಕಂಪ್ಯೂಟರಿನ ತೆರೆಯ ಮಟ್ಟಿಗೆ ಅದು ಸರಿಯಾದ ಮಾತೇ. ಅಲ್ಲಿ ಬೆಳಕೇ ಹೊರಬಂದು ಕಣ್ಣನ್ನು ಸೇರುತ್ತದೆ. ಆದರೆ ಕಾಗದಕ್ಕೆ ತನ್ನದೆಂಬ ಬೆಳಕಿಲ್ಲ. ಅದರ ಮೇಲೆ ಬಿದ್ದ ಬಿಳಿಯ ಬೆಳಕಿನಿಂದ ಮಸಿಯು ಒಂದು ಪಾಲನ್ನು ನುಂಗುತ್ತದೆ, ಉಳಿದುದು ನಮಗೆ ಕಾಣುತ್ತದೆ. ಒಂದು ಕಡೆ ಕೂಡುವ ಲೆಕ್ಕ, ಇನ್ನೊಂದು ಕಡೆ ಕಳೆಯುವ ಲೆಕ್ಕ. ಈ ಎರಡನೆಯದನ್ನು ನಾವು ಹೇಳಿಕೊಟ್ಟೇ ಇರಲಿಲ್ಲ.

ನಾಲ್ಕು ಬಣ್ಣದ ಮುದ್ರಣದಲ್ಲಿ ನೀಲಿಯನ್ನು ಪಡೆಯಲು ಸಯಾನ್ ಮತ್ತು ಮಜೆಂಟಾ ಎಂಬ ಎರಡು ಮಸಿಗಳನ್ನು ಒಂದರ ಮೇಲೊಂದು ಹಚ್ಚುತ್ತಾರೆ. ಸಯಾನ್ ಕೆಂಪನ್ನು ಮಾತ್ರ ನುಂಗಬೇಕು, ಮಜೆಂಟಾ ಹಸುರನ್ನು ಮಾತ್ರ ನುಂಗಬೇಕು. ಆಗ ಶುದ್ಧವಾದ ನೀಲಿ ಉಳಿಯುವುದು. ಆದರೆ ಅಂಗಡಿಯಲ್ಲಿ ಸಿಗುವ ಮಸಿ ಪುಸ್ತಕದ ಮಸಿಯಲ್ಲ. ಮಜೆಂಟಾ ತನ್ನ ಪಾಲಿನ ಹಸುರಿನ ಜೊತೆಗೆ ನೀಲಿಯಲ್ಲಿಯೂ ಒಂದು ತುತ್ತು ತಿನ್ನುತ್ತದೆ. ಸಯಾನ್ ಸಹ ಬೇರೆಯವರ ಎಲೆಗೆ ಕೈಹಾಕುವಂಥದೇ. ಕೊನೆಗೆ ಉಳಿಯುವ ನೀಲಿ ಬಡವಾಗಿ, ನೇರಳೆಯ ಕಡೆಗೆ ವಾಲುತ್ತದೆ. ತೆರೆಯ ಮೇಲಿನ ಕಡುನೀಲಿ ಆ ಎರಡು ಮಸಿಗಳಿಗೆ ಎಟುಕತಕ್ಕದ್ದೇ ಅಲ್ಲ.

ಆಕೆಯ ಕಾಲೇಜಿನ ಮೂಲೆಯ ಕೋಣೆಯೊಂದರಲ್ಲಿ ಸ್ಕ್ರೀನ್ ಪ್ರಿಂಟಿಂಗಿನ ಸಲಕರಣೆಗಳಿವೆ. ಊರಿನಲ್ಲಿ ಬಹುಕಾಲದಿಂದ ಮದುವೆಯ ಕರೆಯೋಲೆಗಳನ್ನು ಅಚ್ಚು ಮಾಡಿಕೊಂಡು ಬಂದಿರುವ ಹಿರಿಯರೊಬ್ಬರು ವಾರಕ್ಕೆ ಎರಡು ದಿನ ಬಂದು ಅಲ್ಲಿ ಕಲಿಸುತ್ತಾರೆ. ನೀಲಿಯ ಮಸಿಯನ್ನೇ ನೇರವಾಗಿ ತೆಗೆದುಕೊಂಡು, ನೀಲಿ ಮತ್ತು ಕಿತ್ತಳೆ ಎರಡೇ ಬಣ್ಣಗಳಲ್ಲಿ ಪಟವನ್ನು ಅಲ್ಲಿ ಅಚ್ಚು ಮಾಡುವುದೆಂದು ನಿಶ್ಚಯವಾಯಿತು. ಕುತೂಹಲ ತಡೆಯಲಾರದೆ ನಾವೂ ಹೋದೆವು.

ಚೌಕಟ್ಟಿಗೆ ಬಿಗಿದ ನವುರಾದ ಜಾಲರಿ ಬಟ್ಟೆ. ಅದರ ಮೇಲೆ ಬೆಳಕಿಗೆ ಗಟ್ಟಿಯಾಗುವ ಒಂದು ಲೇಪ. ಅಕ್ಷರಗಳನ್ನು ಕಪ್ಪಾಗಿ ಮೂಡಿಸಿದ ಫಿಲಮನ್ನು ಅದಕ್ಕೆ ತಾಗಿಸಿ ಅತಿನೇರಳೆ ಬೆಳಕು ಹಾಯಿಸಿದರೆ ಅಕ್ಷರದ ಜಾಗ ಮಾತ್ರ ಮೆತ್ತಗೆ ಉಳಿದು ನೀರಿನಲ್ಲಿ ತೊಳೆದುಹೋಗುತ್ತದೆ. ಆ ಕಿಂಡಿಗಳ ಮೂಲಕ ರಬ್ಬರಿನ ಪಟ್ಟಿಯಿಂದ ಮಸಿಯನ್ನು ಒತ್ತಿ ಎಳೆಯುವುದು. ಕೇಳುವುದಕ್ಕೆ ಇಷ್ಟೇ. ಆದರೆ ಮೊದಲ ಹಾಳೆಯಲ್ಲಿ ದೊಡ್ಡ ಅಕ್ಷರಗಳು ಚೆನ್ನಾಗಿಯೇ ಮೂಡಿದವು, ಕೆಳಗಿನ ಒತ್ತುಗಳು ಮಾತ್ರ ಹರಕು ಹರಕಾದವು. ನಾವು ಜೇಬಿನಿಂದ ಪೆನ್ಸಿಲನ್ನು ತೆಗೆದೆವು. ಬಟ್ಟೆಯಲ್ಲಿ ಸೆಂಟಿಮೀಟರಿಗೆ 77 ಎಳೆಗಳು. ಎಂದರೆ ಎಳೆಯಿಂದ ಎಳೆಗೆ 0.13 ಮಿ.ಮೀ. ಆಕೆ ಒತ್ತಿಗೆ ಕೊಟ್ಟಿದ್ದ ಗೆರೆಯ ದಪ್ಪ 0.15 ಮಿ.ಮೀ. ಗೆರೆಯ ಅಗಲಕ್ಕೆ ಪೂರ್ತಿ ಎರಡು ಕಿಂಡಿಗಳೂ ಸಿಗಲಿಲ್ಲವೆಂದರೆ ಅದು ನೆಟ್ಟಗೆ ಬರುವುದು ಹೇಗೆ? ತೆರೆಯ ಮೇಲೆ ಎಷ್ಟು ಬೇಕಾದರೂ ಹಿಗ್ಗಿಸಿ ನೋಡಬಹುದಾದ್ದರಿಂದ ಈ ಅಳತೆ ಆಕೆಯ ಅರಿವಿಗೇ ಬಂದಿರಲಿಲ್ಲ.

ಲೆಕ್ಕ ಸರಿಬಂದ ಹಿಗ್ಗಿನಲ್ಲಿ ನಾವು ಇನ್ನೊಂದು ಸಲಹೆ ಕೊಟ್ಟು ಕೆಟ್ಟೆವು. ಕಿತ್ತಳೆಯ ಚೌಕದೊಳಗೆ ಒತ್ತಿನ ಆಕಾರದಷ್ಟೇ ಬಿಳಿಯ ಜಾಗವನ್ನು ಬಿಟ್ಟು, ಎರಡನೆಯ ಸಲ ಅಲ್ಲಿಯೇ ನೀಲಿಯ ಒತ್ತನ್ನು ಕೂರಿಸುವುದು ಆಕೆಯ ಯೋಜನೆ. ಅಂಚು ಒಂದರ ಮೇಲೊಂದು 0.1 ಮಿ.ಮೀ. ಹಾಯ್ದಿದ್ದರೆ ಸಾಕೆಂದು ನಾವು ಧೈರ್ಯವಾಗಿ ಹೇಳಿದೆವು. ಹಿರಿಯರು ನಕ್ಕರೇ ಹೊರತು ಮಾತಾಡಲಿಲ್ಲ. ಕಿತ್ತಳೆಯನ್ನು ಒಂದು ದಿನ ಹಚ್ಚಿ, ಎರಡು ದಿನಗಳ ಜಡಿಮಳೆಯ ಅನಂತರ ನೀಲಿಯನ್ನು ಹಚ್ಚಿದಾಗ ಒಂದೊಂದು ಒತ್ತಿನ ಪಕ್ಕದಲ್ಲಿಯೂ ಬಿಳಿಯ ಸೀಳು ಕಂಡಿತು. ಅರುವತ್ತು ಹಾಳೆಗಳು ಕೆಟ್ಟವು. ಅವುಗಳ ಹಣ ಆ ಹುಡುಗಿಯದು. “ಮಳೆಗಾಲದಲ್ಲಿ ಕಾಗದ ನೀರು ಕುಡಿಯುತ್ತೆ ಮೇಷ್ಟ್ರೇ, ಕುಡಿದ ಮೇಲೆ ಉಬ್ಬುತ್ತೆ” ಎಂದರು ಹಿರಿಯರು. 450 ಮಿ.ಮೀ. ಹಾಳೆ ಸಾವಿರಕ್ಕೆ ಒಂದು ಪಾಲು ಹಿಗ್ಗಿದರೂ ಸುಮಾರು ಅರ್ಧ ಮಿಲಿಮೀಟರಾಯಿತು. ಕಾಗದದ ನಾರು ಒಂದೇ ದಿಕ್ಕಿಗೆ ಮಲಗಿರುವುದರಿಂದ ಅಡ್ಡಕ್ಕೆ ಹೆಚ್ಚು, ಉದ್ದಕ್ಕೆ ಕಡಮೆ ಹಿಗ್ಗುವುದೆಂಬುದೂ ಅವರಿಗೆ ಗೊತ್ತಿತ್ತು. ಘನವಸ್ತುಗಳ ಹಿಗ್ಗುವಿಕೆಯನ್ನು ವರ್ಷ ವರ್ಷವೂ ಪಾಠ ಹೇಳುವ ನಮಗೆ ಅದು ಹೊಳೆಯಲಿಲ್ಲ!

ಪರಿಹಾರವನ್ನು ಕಂಡುಕೊಂಡವಳು ಆಕೆಯೇ. ಬಿಳಿಯ ಜಾಗವನ್ನು ಬಿಡುವುದನ್ನೇ ಕೈಬಿಟ್ಟು, ಕಿತ್ತಳೆಯ ಚೌಕವನ್ನು ಪೂರ್ತಿಯಾಗಿ ತುಂಬಿ, ಅದರ ಮೇಲೆಯೇ ಪಾರದರ್ಶಕವಾದ ನೀಲಿ ಮಸಿಯಲ್ಲಿ ಒತ್ತನ್ನು ಮುದ್ರಿಸಿದಳು. ಕಿತ್ತಳೆ ನೀಲಿಯನ್ನೂ ನೀಲಿ ಕೆಂಪನ್ನೂ ನುಂಗಿದ ಮೇಲೆ ಹಿಂದಿರುಗುವ ಬೆಳಕು ಅತ್ಯಲ್ಪ; ಒತ್ತು ಕಪ್ಪಿಗೆ ಸಮೀಪವಾದ ಕಂದು ಬಣ್ಣದಲ್ಲಿ ಎದ್ದುನಿಂತಿತು. ಹಾಳೆ ಅರ್ಧ ಮಿಲಿಮೀಟರ್ ಸರಿದರೂ ಸೀಳು ಕಾಣುವಂತಿಲ್ಲ. ಬಿಳಿಯ ಮೇಲೆ ಮೂಲಾಕ್ಷರ ನೀಲಿ, ಕಿತ್ತಳೆಯ ಮೇಲೆ ಒತ್ತು ಕಂದು: ಎರಡು ಮಸಿಯ ಖರ್ಚಿಗೆ ಮೂರು ಬಣ್ಣ. ಒತ್ತಿನ ಗೆರೆಯನ್ನು ದಪ್ಪ ಮಾಡಿದಳು, ಸುಳಿಗಳನ್ನು ಅಗಲಿಸಿದಳು. ಹಾಳೆಗಳನ್ನು ಎರಡು ದಿನ ಮುಂಚಿತವಾಗಿ ಆ ಕೋಣೆಯ ಹವೆಯಲ್ಲಿಯೇ ಹರಡಿಟ್ಟಳು. ಯಂತ್ರ ಒಡ್ಡಿದ ಅಡ್ಡಿಯಿಂದಲೇ ವಿನ್ಯಾಸ ಮೊದಲಿಗಿಂತ ಚೆನ್ನಾಯಿತು. ಇದು ತೆರೆಯ ಮುಂದೆ ಕುಳಿತು ದೊರೆಯುವ ವಿದ್ಯೆಯಲ್ಲವೆಂದು ನಮ್ಮ ಅಭಿಪ್ರಾಯ.

ಇಷ್ಟನ್ನು ಬರೆಯುವುದಕ್ಕೆ ಕಾರಣವುಂಟು. ಆ ಕೋಣೆಯನ್ನು ತೆರವು ಮಾಡಿ ಇನ್ನಷ್ಟು ಕಂಪ್ಯೂಟರುಗಳನ್ನು ಇಡುವ ಆಲೋಚನೆ ಆ ಕಾಲೇಜಿನಲ್ಲಿ ನಡೆದಿದೆ. ಈಗ ಎಲ್ಲವೂ ಮೊಬೈಲಿನಲ್ಲಿರುವಾಗ ಮಸಿ ಮೆತ್ತಿಕೊಳ್ಳುವುದೇಕೆಂದು ನಮ್ಮ ಸಹೋದ್ಯೋಗಿಗಳೊಬ್ಬರೂ ಕೇಳಿದರು. ಅವರು ಆಗ ಕೈಯಲ್ಲಿ ಹಿಡಿದಿದ್ದುದು ಮಾತ್ರೆಯ ಪಟ್ಟಿ. ಅದರ ಅವಧಿಯ ದಿನಾಂಕವನ್ನು ಓದಲಾರದೆ ಕಿಟಕಿಯ ಬಳಿಗೆ ಹೋಗುತ್ತಿದ್ದರು. ಹಾಲಿನ ಪೊಟ್ಟಣ, ಬಿತ್ತನೆ ಬೀಜದ ಚೀಲ, ಕೀಟನಾಶಕದ ಡಬ್ಬಿಯ ಮೇಲಿನ ಎಚ್ಚರಿಕೆ, ಮಕ್ಕಳ ಪಠ್ಯಪುಸ್ತಕ, ಇವೆಲ್ಲವೂ ಇಂದಿಗೂ ಮಸಿಯಲ್ಲಿಯೇ ಅಚ್ಚಾಗುತ್ತಿವೆ. ಅವುಗಳ ಅಕ್ಷರಗಳನ್ನು ಅಣಿಗೊಳಿಸುವವರು ಮಸಿಯ ಗುಣವನ್ನೇ ಅರಿಯದಿದ್ದರೆ ನಷ್ಟ ಓದುವವನಿಗೆ. ಅದರಲ್ಲಿಯೂ ನಮ್ಮ ಲಿಪಿಯಲ್ಲಿ ಒತ್ತೊಂದು ಹರಿದರೆ ಪದವೇ ಬೇರೆಯಾದೀತು. 1843ರಲ್ಲಿ ಮಂಗಳೂರಿನಲ್ಲಿ ಮೊಗ್ಲಿಂಗ್ ಅವರು ಹೊರಡಿಸಿದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಮುದ್ರಿತವಾಗುತ್ತಿತ್ತು. ಎಣ್ಣೆಗೂ ನೀರಿಗೂ ಇರುವ ಹಗೆಯೇ ಆ ಮುದ್ರಣದ ತಳಹದಿ. ಕನ್ನಡದ ಮೊದಲ ಪತ್ರಿಕೆಯ ಬೆನ್ನಿಗೇ ಭೌತಶಾಸ್ತ್ರವಿತ್ತು ಎಂದರೆ ನಮ್ಮ ವಿದ್ಯಾರ್ಥಿಗಳು ಹುಬ್ಬೇರಿಸುತ್ತಾರೆ.

ಆದ್ದರಿಂದ ಕಂಪ್ಯೂಟರುಗಳು ಬರಲಿ, ಆದರೆ ಕೋಣೆ ಇರಲಿ. ಆ ಕಾಲೇಜಿನ ಮುಖ್ಯಸ್ಥರಿಗೆ ನಾವು ಹೀಗೆಂದು ಕಾಗದ ಬರೆದಿದ್ದೇವೆ. ನಮ್ಮ ಪದವಿ ತರಗತಿಯ ಹುಡುಗರನ್ನು ತಿಂಗಳಿಗೊಮ್ಮೆ ಅಲ್ಲಿಗೆ ಕರೆತಂದು, ಸೂಕ್ಷ್ಮದರ್ಶಕದಲ್ಲಿ ಮುದ್ರಣದ ಚುಕ್ಕಿಗಳನ್ನು ಅಳೆಯಿಸುವುದಾಗಿಯೂ ತಿಳಿಸಿದ್ದೇವೆ. ಉತ್ತರ ಇನ್ನೂ ಬಂದಿಲ್ಲ. ಪಟದ ಎರಡನೆಯ ಮುದ್ರಣದ ಒಂದು ಪ್ರತಿ ಈಗ ನಮ್ಮ ಬೀದಿಯ ಶಾಲೆಯ ಗೋಡೆಯ ಮೇಲಿದೆ. ಕೆಟ್ಟ ಅರುವತ್ತು ಹಾಳೆಗಳಲ್ಲಿ ಹತ್ತನ್ನು ಬೇಡಿ ತಂದಿದ್ದೇವೆ. ಮುಂದಿನ ವಾರ ಹಿಗ್ಗುವಿಕೆಯ ಪಾಠವನ್ನು ಅವುಗಳಿಂದಲೇ ಆರಂಭಿಸುವೆವು.