ಯಂತ್ರಕ್ಕಿಂತ ಮೊದಲು ಮಾಸ್ಕ್ ನೋಡಿ

ಗೊರಕೆ ಹೊಡೆಯುವವರಿಗೆ ತಮ್ಮ ಗೊರಕೆ ಕೇಳಿಸುವುದಿಲ್ಲ. ಕೇಳಿಸುವುದು ಪಕ್ಕದಲ್ಲಿ ಮಲಗಿದವಳಿಗೆ. ಗೊರಕೆ ಒಮ್ಮೆಲೇ ನಿಂತು ಕೋಣೆ ನಿಶ್ಶಬ್ದವಾಗುವುದು, ಹತ್ತಿಪ್ಪತ್ತು ಸೆಕೆಂಡುಗಳ ಬಳಿಕ ಏದುಸಿರಿನೊಂದಿಗೆ ಮತ್ತೆ ಶುರುವಾಗುವುದು, ಇದನ್ನು ಕತ್ತಲಲ್ಲಿ ಎಚ್ಚರವಾಗಿದ್ದು ಎಣಿಸಿದ ಸಹೋದರಿಯರು ಈ ಪುಟದ ಓದುಗರಲ್ಲಿ ಖಂಡಿತ ಇದ್ದಾರೆ. ಸ್ಲೀಪ್ ಅಪ್ನಿಯಾ ಎಂಬ ಈ ರೋಗದಲ್ಲಿ ನಿದ್ರೆಯ ವೇಳೆ ಗಂಟಲಿನ ಸ್ನಾಯುಗಳು ಸಡಿಲಗೊಂಡು ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಉಸಿರು ನಿಲ್ಲುವುದು ಅಥವಾ ತೀರಾ ಕಡಿಮೆಯಾಗುವುದು ಗಂಟೆಗೆ 5ರಿಂದ 15 ಬಾರಿ ಆದರೆ ಸೌಮ್ಯ, 15ರಿಂದ 30 ಆದರೆ ಮಧ್ಯಮ, 30 ದಾಟಿದರೆ ತೀವ್ರ ಎಂದು ವೈದ್ಯರ ಲೆಕ್ಕ.

ಇದು ಗಂಡಸರಿಗೆ ಮಾತ್ರ ಬರುವ ರೋಗವೆಂದು ತಿಳಿಯಬೇಡಿ. ಮುಟ್ಟು ನಿಂತ ಬಳಿಕ ಮಹಿಳೆಯರಲ್ಲೂ ಹೆಚ್ಚುತ್ತದೆ. ನಮ್ಮಲ್ಲಿ ಅದು ದೊಡ್ಡ ಗೊರಕೆಯಾಗಿ ಕಾಣಿಸದೆ ಬೆಳಗಿನ ತಲೆನೋವು, ನಿದ್ದೆ ಬಾರದಿರುವುದು, ದಿನವಿಡೀ ಸುಸ್ತು ಎಂದು ಕಾಣಿಸಿಕೊಳ್ಳುವುದರಿಂದ ಮನೆಕೆಲಸದ ಆಯಾಸವೆಂದೇ ಕಡೆಗಣಿಸಲ್ಪಡುತ್ತದೆ.

ನಿದ್ರೆಯ ಪರೀಕ್ಷೆಯಾಗಿ ವೈದ್ಯರು ಸಿಪ್ಯಾಪ್ ಯಂತ್ರ ಬರೆದುಕೊಟ್ಟ ಮನೆಯವರಿಗಾಗಿ ಈ ತಿಂಗಳ ಬರಹ. 1981ರಲ್ಲಿ ಆಸ್ಟ್ರೇಲಿಯದ ಸಿಡ್ನಿಯಲ್ಲಿ ಡಾ. ಕಾಲಿನ್ ಸಲಿವನ್ ಮತ್ತು ಸಂಗಡಿಗರು ಮೊದಲು ವರದಿ ಮಾಡಿದ ಈ ಚಿಕಿತ್ಸೆ ತೀರಾ ಸರಳ. ಕೋಣೆಯ ಗಾಳಿಯನ್ನೇ ತುಸು ಒತ್ತಡದಲ್ಲಿ ಮೂಗಿಗೆ ಬಿಡುತ್ತದೆ, ಆ ಒತ್ತಡಕ್ಕೆ ಗಂಟಲು ತೆರೆದೇ ಇರುತ್ತದೆ. ಅದು ಆಮ್ಲಜನಕದ ಯಂತ್ರವಲ್ಲ, ಹಾಕಿಕೊಂಡವರು ಸಾಯುವ ಸ್ಥಿತಿಯಲ್ಲಿಯೂ ಇಲ್ಲ. ನೋಡಲು ಬಂದ ಬಂಧುಗಳಿಗೆ ಇದನ್ನು ಹೇಳಬೇಕಾಗುತ್ತದೆ.

ಯಂತ್ರದ ಬೆಲೆಯ ಬಗ್ಗೆ ಮನೆಯಲ್ಲಿ ವಾರಗಟ್ಟಲೆ ಚರ್ಚೆಯಾಗುತ್ತದೆ. ಮಾಸ್ಕನ್ನು ಮಾತ್ರ ಅಂಗಡಿಯವನು ಕೊಟ್ಟದ್ದನ್ನೇ ತರುತ್ತೇವೆ. ಆದರೆ ಯಂತ್ರ ಕಪಾಟು ಸೇರುವುದು ಹೆಚ್ಚಾಗಿ ಮಾಸ್ಕಿನಿಂದಾಗಿಯೇ. ಎಷ್ಟು ಗಂಟೆ ಧರಿಸುತ್ತಾರೆ ಎಂಬುದರ ಮೇಲೆಯೇ ಚಿಕಿತ್ಸೆಯ ಫಲ ನಿಂತಿದೆ. ಭಾರತವೂ ಸೇರಿದಂತೆ 7 ದೇಶಗಳಲ್ಲಿ ಹೃದ್ರೋಗ ಅಥವಾ ಪಾರ್ಶ್ವವಾಯು ಇದ್ದ 2,717 ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಗಲಿನ ತೂಕಡಿಕೆ ಕಡಿಮೆಯಾಯಿತು, ಮನಸ್ಸಿನ ಸ್ಥಿತಿ ಸುಧಾರಿಸಿತು. ಹೃದಯಾಘಾತ, ಪಾರ್ಶ್ವವಾಯು ಮಾತ್ರ ಕಡಿಮೆಯಾಗಲಿಲ್ಲ. ಅವರು ರಾತ್ರಿಗೆ ಸರಾಸರಿ 3.3 ಗಂಟೆ ಮಾತ್ರ ಮಾಸ್ಕ್ ಧರಿಸಿದ್ದರು ಎಂಬುದನ್ನೂ ಜೊತೆಗೆ ಓದಬೇಕು.

ಮಾಸ್ಕುಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮೂಗನ್ನು ಮಾತ್ರ ಮುಚ್ಚುವುದು ಒಂದು, ಮೂಗಿನ ಹೊಳ್ಳೆಗಳಿಗೆ ಮೆತ್ತನೆ ತಾಗಿ ಕೂರುವ ನೇಸಲ್ ಪಿಲ್ಲೋ ಇನ್ನೊಂದು, ಮೂಗು ಬಾಯಿ ಎರಡನ್ನೂ ಮುಚ್ಚುವ ಫುಲ್ ಫೇಸ್ ಮೂರನೆಯದು. ‘ಬಾಯಲ್ಲಿ ಉಸಿರಾಡುತ್ತಾರೆ’ ಎಂದ ಕೂಡಲೇ ಅಂಗಡಿಯವರು ಫುಲ್ ಫೇಸ್ ಕೈಗಿಡುತ್ತಾರೆ. ಅದು ಬೇಕಾದವರಿದ್ದಾರೆ. ಆದರೆ ಅದಕ್ಕೆ ಸಾಮಾನ್ಯವಾಗಿ ಒತ್ತಡ ಹೆಚ್ಚು ಬೇಕಾಗುತ್ತದೆ, ಗಾಳಿ ಸೋರುವುದೂ ಹೆಚ್ಚು, ಬಿಟ್ಟುಬಿಡುವವರೂ ಹೆಚ್ಚು. ಮೂಗು ಕಟ್ಟುವುದಕ್ಕೆ ಮೊದಲು ಔಷಧಿ ಮಾಡಿಸಿ, ಮೂಗಿನ ಮಾಸ್ಕನ್ನೇ ಮೊದಲು ಪ್ರಯತ್ನಿಸುವುದು ಒಳ್ಳೆಯದು. ಕೈಗೆ ಬಲವಿಲ್ಲದ, ತಾವೇ ಮಾಸ್ಕ್ ತೆಗೆಯಲಾಗದ ವೃದ್ಧರಿಗೆ ಫುಲ್ ಫೇಸ್ ಅಪಾಯಕಾರಿ. ವಾಂತಿಯಾದರೆ ಉಸಿರುಗಟ್ಟಬಹುದು.

ನಮ್ಮ ಮನೆಗಳಲ್ಲಿ ಗಡ್ಡದ ಪ್ರಶ್ನೆ ಬಂದೇ ಬರುತ್ತದೆ. ಫುಲ್ ಫೇಸ್ ಮಾಸ್ಕಿನ ಅಂಚು ಗಡ್ಡದ ಮೇಲೆ ಸರಿಯಾಗಿ ಕೂರದೆ ಗಾಳಿ ಸೋರುತ್ತದೆ. ಇದಕ್ಕಾಗಿ ಗಡ್ಡ ತೆಗೆಯಬೇಕಾಗಿಲ್ಲ, ನೇಸಲ್ ಪಿಲ್ಲೋ ಕೇಳಿ. ಅದು ತಾಗುವುದು ಹೊಳ್ಳೆಗಳಿಗೆ ಮಾತ್ರ. ಮೀಸೆ ದಪ್ಪವಾಗಿದ್ದರೆ ಅಲ್ಲಷ್ಟು ಕತ್ತರಿಸಿಕೊಂಡರೆ ಸಾಕು. ಹೆಂಗಸರ ಮುಖಕ್ಕೆ ಹಲವು ಸಲ ಚಿಕ್ಕ ಅಳತೆಯೇ ಬೇಕಾಗುತ್ತದೆ. ಕಂಪೆನಿಗಳು ಅಳತೆಯ ಪಟ್ಟಿ ಕೊಡುತ್ತವೆ, ಅದನ್ನು ಮುಖಕ್ಕೆ ಹಿಡಿದು ನೋಡದೆ ಕೊಳ್ಳಬೇಡಿ. ಹಲ್ಲಿನ ಸೆಟ್ ಇಟ್ಟುಕೊಳ್ಳುವ ಹಿರಿಯರಾದರೆ ಸೆಟ್ ತೆಗೆದು ಅಳೆಯಬೇಕು, ಮಲಗುವಾಗ ಮುಖ ಇರುವುದು ಹಾಗೆಯೇ ತಾನೇ?

ಕುರ್ಚಿಯಲ್ಲಿ ಕುಳಿತು ನೋಡಿದ ಮಾಸ್ಕ್ ಮಲಗಿದಾಗ ಬೇರೆಯಾಗುತ್ತದೆ. ಆದ್ದರಿಂದ ವೈದ್ಯರು ಹೇಳಿದ ಒತ್ತಡದಲ್ಲಿ ಯಂತ್ರ ಚಾಲೂ ಮಾಡಿ, ಮಲಗಿ, ಎರಡೂ ಮಗ್ಗುಲಿಗೆ ಹೊರಳಿ ಹದಿನೈದು ನಿಮಿಷವಾದರೂ ನೋಡಿ. ಸಂಕೋಚ ಬೇಡ. ಹೊಂದದಿದ್ದರೆ ಬದಲಾಯಿಸಿ ಕೊಡುತ್ತಾರೆಯೇ, ಎಷ್ಟು ದಿನದೊಳಗೆ ಎಂದು ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಪಟ್ಟಿಯನ್ನು ಬಿಗಿದಷ್ಟೂ ಒಳ್ಳೆಯದೆಂದು ಭಾವಿಸಿ ಮೂಗಿನ ಮೇಲೆ ಹುಣ್ಣು ಮಾಡಿಕೊಳ್ಳುವವರಿದ್ದಾರೆ. ಕುಶನ್ ಗಾಳಿ ತುಂಬಿ ಉಬ್ಬಲು ಜಾಗ ಬೇಕು. ಮಾಸ್ಕಿನಲ್ಲಿರುವ ಸಣ್ಣ ತೂತುಗಳಿಂದ ಗಾಳಿ ಬರುವುದು ಸೋರಿಕೆಯಲ್ಲ, ಬಿಟ್ಟ ಉಸಿರು ಹೊರಹೋಗುವ ದಾರಿ ಅದು. ಅದಕ್ಕೆ ಟೇಪ್ ಅಂಟಿಸಲೇಬಾರದು.

ಕೆಲವು ಮಾಸ್ಕುಗಳ ಕೊಂಡಿಗಳಲ್ಲಿ ಅಯಸ್ಕಾಂತವಿರುತ್ತದೆ. ಪೇಸ್‌ಮೇಕರ್‌ನಂತಹ ಸಾಧನ ಅಳವಡಿಸಿಕೊಂಡವರು ಅಂತಹದನ್ನು ಧರಿಸಬಾರದು. ಧರಿಸುವವರಿಗಲ್ಲ, ಪಕ್ಕದಲ್ಲಿ ಮಲಗುವವರಿಗೆ ಪೇಸ್‌ಮೇಕರ್ ಇದ್ದರೂ ಬೇರೆ ಮಾಸ್ಕನ್ನೇ ಕೇಳಿ. ಈ ಬಗ್ಗೆ ಫಿಲಿಪ್ಸ್ 2022ರಲ್ಲಿ, ರೆಸ್‌ಮೆಡ್ 2023ರಲ್ಲಿ ಎಚ್ಚರಿಕೆ ನೀಡಿವೆ.

ಇನ್ನು ಯಂತ್ರ. ಒಂದೇ ಒತ್ತಡ ಕೊಡುವ ಸಾದಾ ಸಿಪ್ಯಾಪ್ ಇದೆ, ರಾತ್ರಿಯಿಡೀ ಅಗತ್ಯ ನೋಡಿ ಒತ್ತಡ ಬದಲಾಯಿಸುವ ಆಟೋ ಸಿಪ್ಯಾಪ್ ಇದೆ. ಬಹಳ ಮಂದಿಗೆ ಆಟೋ ಅನುಕೂಲ, ಆದರೆ ಹೃದಯ ವೈಫಲ್ಯ, ಶ್ವಾಸಕೋಶದ ಹಳೆಯ ಕಾಯಿಲೆ ಇರುವವರ ವಿಷಯವನ್ನು ವೈದ್ಯರೇ ತೀರ್ಮಾನಿಸಬೇಕು. ಬೈಪ್ಯಾಪ್ ದುಬಾರಿ, ಬರೆದುಕೊಡದೆ ಕೊಳ್ಳುವಂಥದ್ದಲ್ಲ. ನನ್ನ ಅಭಿಪ್ರಾಯದಲ್ಲಿ ಹೆಚ್ಚು ಹಣ ಕೊಡಬೇಕಾದ ಒಂದೇ ಗುಣವೆಂದರೆ ದಾಖಲೆ. ಎಷ್ಟು ಗಂಟೆ ಬಳಕೆಯಾಯಿತು, ಎಷ್ಟು ಗಾಳಿ ಸೋರಿತು, ಇನ್ನೂ ಎಷ್ಟು ಬಾರಿ ಉಸಿರು ನಿಂತಿತು ಎಂಬುದನ್ನು ಯಂತ್ರ ಬರೆದಿಟ್ಟರೆ ಮುಂದಿನ ಭೇಟಿಯಲ್ಲಿ ವೈದ್ಯರಿಗೆ ತೋರಿಸಬಹುದು. ಬೆಂಗಳೂರಿನಂತಹ ನಗರಗಳಲ್ಲಿ ಯಂತ್ರ ಬಾಡಿಗೆಗೂ ಸಿಗುತ್ತದೆ, ಒಂದು ತಿಂಗಳು ನೋಡಿ ಬಳಿಕ ಕೊಳ್ಳಬಹುದು.

ಗಲ್ಫ್‌ನಲ್ಲಿರುವ ಮಗನೋ ತಮ್ಮನೋ ಅಲ್ಲಿಂದ ಯಂತ್ರ ತರುವುದೂ ಉಂಟು. ಅಡಾಪ್ಟರಿನ ಮೇಲೆ 100ರಿಂದ 240 ವೋಲ್ಟ್ ಎಂದಿದ್ದರೆ ಇಲ್ಲಿಯ ಕರೆಂಟಿಗೂ ಆಗುತ್ತದೆ, ಪ್ಲಗ್ ಮಾತ್ರ ಬೇರೆ. ಆದರೆ ಅಲ್ಲಿಯ ವಾರಂಟಿ ಇಲ್ಲಿ ನಡೆಯುತ್ತದೆಯೇ ಎಂದು ಮೊದಲೇ ವಿಚಾರಿಸಿ. ಯಾರೋ ಬಳಸಿ ಬಿಟ್ಟ ಹಳೆಯ ಯಂತ್ರವಾದರೆ ತಯಾರಾದ ದಿನಾಂಕ ನೋಡಿ. ಶಬ್ದ ತಡೆಯಲು ಒಳಗಿಟ್ಟ ಫೋಮ್ ಪುಡಿಯಾಗಿ ಉಸಿರಿಗೆ ಸೇರಬಹುದೆಂದು 2021ರ ಜೂನ್‌ನಲ್ಲಿ ಫಿಲಿಪ್ಸ್ ಜಗತ್ತಿನಾದ್ಯಂತ ತನ್ನ ಲಕ್ಷಾಂತರ ಯಂತ್ರಗಳನ್ನು ಹಿಂದಕ್ಕೆ ಕರೆದಿತ್ತು. ಮಾಸ್ಕ್ ಮತ್ತು ಕೊಳವೆಯನ್ನಂತೂ ಹೊಸದೇ ಕೊಳ್ಳಬೇಕು.

ಮೂಗು, ಗಂಟಲು ಒಣಗುವವರಿಗೆ ಯಂತ್ರದ ಜೊತೆ ನೀರಿನ ಪಾತ್ರೆ ಇರುತ್ತದೆ. ಡಿಸ್ಟಿಲ್ಡ್ ನೀರು ಹಾಕಿ, ದಿನವೂ ಚೆಲ್ಲಿ ಬದಲಾಯಿಸಿ. ಬಾವಿ, ನಲ್ಲಿ ನೀರಿನಿಂದ ಬಿಳಿ ಪೊರೆ ಕಟ್ಟುತ್ತದೆ. ಪರಿಮಳಕ್ಕೆಂದು ಅತ್ತರು, ನೀಲಗಿರಿ ಎಣ್ಣೆ ಹಾಕುವುದು ಬೇಡ. ಇನ್ವರ್ಟರ್ ಇರುವ ಮನೆಯಲ್ಲಿ ಕರೆಂಟ್ ಹೋದ ರಾತ್ರಿ ಈ ಪಾತ್ರೆಯ ಬಿಸಿ ನಿಲ್ಲಿಸಿದರೆ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ. ಕುಶನ್ನನ್ನು ಬೆಳಿಗ್ಗೆ ಸೌಮ್ಯ ಸಾಬೂನಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಮುಖಕ್ಕೆ ಎಣ್ಣೆ, ಕ್ರೀಮ್ ಹಚ್ಚಿದರೆ ಮಾಸ್ಕ್ ಜಾರುತ್ತದೆ. ಇಶಾ ನಮಾಝಿಗೆ ವುಝೂ ಮಾಡಿ ಮುಖ ಒರೆಸಿಕೊಂಡ ಬಳಿಕ ಮತ್ತೇನೂ ಹಚ್ಚದಿದ್ದರಾಯಿತು.

ಮೊದಲ ವಾರ ರಾತ್ರಿಗೇ ಕಾಯದೆ, ಹಗಲು ಅರ್ಧ ಗಂಟೆ ಎಚ್ಚರದಲ್ಲೇ ಮಾಸ್ಕ್ ಹಾಕಿ ಕೂರಿಸಿ, ಪತ್ರಿಕೆ ಓದಲಿ. ರಮಝಾನಿನಲ್ಲಿ ನಿದ್ದೆ ತುಂಡು ತುಂಡಾಗುತ್ತದೆ. ತರಾವೀಹ್ ಮುಗಿಸಿ ಮಲಗುವಾಗ ಹಾಕಿದ ಮಾಸ್ಕನ್ನು ಸಹರಿಗೆ ಎದ್ದಾಗ ತೆಗೆದಿಟ್ಟು, ಸುಬ್ಹ್ ನಮಾಝಿನ ಬಳಿಕ ಹಾಗೆಯೇ ಒರಗುವವರೇ ಹೆಚ್ಚು. ಆ ಬೆಳಗಿನ ನಿದ್ದೆಗೂ, ಮಧ್ಯಾಹ್ನದ ನಿದ್ದೆಗೂ ಮಾಸ್ಕ್ ಬೇಕು. ಯಂತ್ರವನ್ನು ಮಡಚಿ ಒಳಗಿಡದೆ ಮಂಚದ ಪಕ್ಕದಲ್ಲೇ ಇರಿಸಿ.